ಹೊಲಿದವಳ ಹೆಸರಿಗೆ ರಸೀದಿ ಇಲ್ಲ

ನನ್ನ ಮೇಜಿನ ಮೇಲೆ ಒಂದು ಪೋಸ್ಟ್‌ಕಾರ್ಡ್ ಇದೆ. ಕಾಗದದ್ದಲ್ಲ, ಬಟ್ಟೆಯದು. ಆರು ಇಂಚು ಉದ್ದ, ನಾಲ್ಕು ಇಂಚು ಅಗಲ. ಒಳಗೆ ಅಂಗಿಯ ಕಾಲರಿಗೆ ಹಾಕುವ ಬಕ್ರಮ್ಮಿನಂಥ ಗಟ್ಟಿ ಪದರ ಇರುವುದರಿಂದ ಗೋಡೆಗೆ ಒರಗಿಸಿದರೆ ಬಾಗದೆ ನಿಲ್ಲುತ್ತದೆ. ಮುಂದುಗಡೆ ತೊಳೆದು ತೊಳೆದು ಮಾಸಿದ ನೀಲಿ ಹತ್ತಿ ಬಟ್ಟೆ. ಅದರ ಮೇಲೆ, ಕಬ್ಬಿಣದ ತುಕ್ಕಿನಿಂದಲೇ ಬಣ್ಣ ಹಿಡಿಸಿದ ಕಂದು ಚೂರೊಂದನ್ನು ಓರೆಯಾಗಿ ಕೂರಿಸಿದ್ದಾರೆ. ಆ ಚೂರಿನ ಸುತ್ತ ಸಾಲುಸಾಲಾಗಿ ರನ್ನಿಂಗ್ ಸ್ಟಿಚ್, ಒಂದೊಂದು ಹೊಲಿಗೆಯೂ ಜೀರಿಗೆ ಕಾಳಿನಷ್ಟು. ನಾಲ್ಕೂ ಅಂಚಿಗೆ ಕೈಯಲ್ಲೇ ಹಾಕಿದ ಬ್ಲ್ಯಾಂಕೆಟ್ ಸ್ಟಿಚ್. ಒಂದು ಮೂಲೆಯಲ್ಲಿ ದಾರ ಮುಗಿದು ಹೊಸ ದಾರ ಶುರುವಾದದ್ದು ಕಾಣುತ್ತದೆ; ಎರಡನೆಯದು ಒಂದು ಕೂದಲೆಳೆಯಷ್ಟು ಗಾಢ.

ಇದನ್ನು ತಂದುಕೊಟ್ಟವಳು ಶಿಕಾಗೋ ಹತ್ತಿರ ಇರುವ ನನ್ನ ತಂಗಿಯ ಮಗಳು. ಕ್ಯಾನ್ಸರ್ ಸಂಶೋಧನೆಗೆಂದು ನೂರು ಡಾಲರ್ ಕೊಟ್ಟಿದ್ದಳಂತೆ, ಅದಕ್ಕೆ ಪ್ರತಿಯಾಗಿ ಅಂಚೆಯಲ್ಲಿ ಇದು ಬಂದಿತ್ತು. "ರಸೀದಿನೂ ಬಂತು ದೊಡ್ಡವ್ವ, ಟ್ಯಾಕ್ಸಿನಾಗ ತೋರಸ್ಬಹುದು" ಅಂದಳು. ಹೊಲಿದಾಕಿಗೆ ಏನು ಬಂತು ಎಂದು ಕೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಕಿಗೇನಿಲ್ಲ. ಪೋಸ್ಟಿನ ಖರ್ಚೂ ಆಕೀದಽ."

ಬಟ್ಟೆ-ದಾರದ ಕಲಾವಿದರು ತಮ್ಮ ಕೆಲಸವನ್ನು ದಾನ ಕೊಟ್ಟು ಕ್ಯಾನ್ಸರ್‌ಗೆ ಹಣ ಎತ್ತುವುದು ಅಮೆರಿಕದಲ್ಲಿ ಈಗ ಬೇರುಬಿಟ್ಟ ಪದ್ಧತಿ. ಅದರಲ್ಲಿ ಹೆಸರಾದದ್ದು ಇಲಿನಾಯ್ ರಾಜ್ಯದ ಕಲಾವಿದೆ ವರ್ಜೀನಿಯಾ ಸ್ಪೀಗೆಲ್ 2005ರಲ್ಲಿ ಶುರುಮಾಡಿದ 'ಫೈಬರ್‌ಆರ್ಟ್ ಫಾರ್ ಎ ಕಾಸ್'. ಅಲ್ಲಿ 'ಕಾಸ್' ಅಂದರೆ ಒಂದು ಒಳ್ಳೆಯ ಉದ್ದೇಶ. ಕನ್ನಡದ ಕಿವಿಗೆ ಅದು ಕಾಸು ಎಂದೇ ಬೀಳುತ್ತದೆ, ತಪ್ಪೇನೂ ಇಲ್ಲ. ಬಟ್ಟೆಯ ಪೋಸ್ಟ್‌ಕಾರ್ಡುಗಳು, ಕೊಲಾಜುಗಳು, ನಮ್ಮ ಕೌದಿಯಂಥ ಪುಟ್ಟ ಕ್ವಿಲ್ಟುಗಳು, ಹೀಗೆ ನೂರಾರು ಕೈಗಳ ಕೆಲಸವನ್ನು ಕೂಡಿಸಿ ಅವರು ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ 2 ಲಕ್ಷ ಡಾಲರಿಗೂ ಮೀರಿ ಸಂದಾಯವಾಗುವಂತೆ ಮಾಡಿದ್ದಾರೆ. ಮುಂದೆ ಅವರು ನಡೆಸಿದ 'ದಿ ಹಂಡ್ರೆಡ್' ಎಂಬ ಕ್ರಮ ನನಗೆ ವಿಶೇಷವಾಗಿ ಹಿಡಿಸಿತು. ನೂರು ದಾನಿಗಳು, ತಲಾ ನೂರು ಡಾಲರ್, ಹಣ ನೇರವಾಗಿ ಸೊಸೈಟಿಗೆ. ನಡುವೆ ಯಾರ ಕೈಯಲ್ಲೂ ದುಡ್ಡು ನಿಲ್ಲುವುದಿಲ್ಲ. ದಾನಿಗೆ ಒಬ್ಬ ಕಲಾವಿದೆಯ ಕೃತಿ ಬರುತ್ತದೆ, ಆದರೆ ಯಾರದು ಬರುತ್ತದೆ ಎನ್ನುವುದು ಚೀಟಿ ಎತ್ತಿದ ಹಾಗೆ. ನನಗೆ ನೀಲಿಯದೇ ಬೇಕು, ಇಂಥವರದೇ ಬೇಕು ಎನ್ನುವಂತಿಲ್ಲ.

ಈ ಕೊನೆಯ ನಿಯಮ ಮೇಲ್ನೋಟಕ್ಕೆ ಆಟದಂತೆ ಕಾಣುತ್ತದೆ. ಅದರೊಳಗೆ ಜಾಣತನವಿದೆ. ಆರಿಸುವ ಅವಕಾಶ ಬಂದ ಕೂಡಲೇ ಹೋಲಿಕೆ ಬರುತ್ತದೆ, ಹೋಲಿಕೆ ಬಂದರೆ ಬೆಲೆ ಬರುತ್ತದೆ, ಬೆಲೆ ಬಂದರೆ ಚೌಕಾಸಿ. ಇಲ್ಲಿ ನೂರು ಡಾಲರ್ ಕೃತಿಯ ಬೆಲೆಯಲ್ಲ. ಅದು ಕ್ಯಾನ್ಸರ್‌ಗೆ ಕೊಟ್ಟ ದುಡ್ಡು. ಕೃತಿಗೆ ಬೆಲೆಯನ್ನೇ ಕಟ್ಟಿಲ್ಲ. ಬೆಲೆ ಕಟ್ಟದೆ ಇದ್ದದ್ದನ್ನು ಕಡಿಮೆ ಬೆಲೆಗೆ ಕೊಂಡೆ ಎಂದು ಯಾರೂ ಹೇಳಿಕೊಳ್ಳಲಾರರು.

ದತ್ತಿ ಹರಾಜುಗಳಲ್ಲಿ ಆಗುವುದು ಅದೇ. ಔತಣಕೂಟದ ಒಂದು ಬದಿಯಲ್ಲಿ ಮೇಜುಗಳ ಮೇಲೆ ಕೃತಿಗಳನ್ನು ಜೋಡಿಸಿರುತ್ತಾರೆ, ಪಕ್ಕದಲ್ಲೊಂದು ಹಾಳೆ, ಅದರಲ್ಲಿ ಬಂದವರು ತಮ್ಮ ತಮ್ಮ ಮೊತ್ತ ಬರೆಯಬೇಕು. ತಿಂಗಳುಗಟ್ಟಲೆ ಕೂತು ಹೊಲಿದ ಗೋಡೆ ಕ್ವಿಲ್ಟ್ ಒಂದು ರೆಸ್ಟೋರೆಂಟಿನ ಊಟದ ಕೂಪನ್ನಿಗಿಂತ ಕಡಿಮೆಗೆ ಹೋಗುವುದು ಅಲ್ಲಿ ಅಪರೂಪವಲ್ಲ. ಕೊಂಡವರಿಗೆ ಸಂತೋಷ, ಸಂಘಟಕರಿಗೆ ಸಂತೋಷ. ಕಲಾವಿದೆಗೆ ಮಾತ್ರ ಎರಡು ಹೊಡೆತ. ಒಂದು, ಕೆಲಸ ಹೋಯಿತು. ಇನ್ನೊಂದು, ಮರುದಿನ ಗ್ಯಾಲರಿಯಲ್ಲಿ ಅವಳು ಅದೇ ಅಳತೆಯದಕ್ಕೆ 800 ಡಾಲರ್ ಎಂದರೆ, ನಿನ್ನೆ ಅಲ್ಲಿ 90ಕ್ಕೆ ಹೋಯಿತಲ್ಲ ಎನ್ನುವವರು ಸಿಗುತ್ತಾರೆ. ಅವಳ ಜೀವನಕ್ಕೆ ಆಧಾರವಾದ ದರವೇ ಆ ಒಂದು ಸಂಜೆ ಕುಸಿಯುತ್ತದೆ. ದಾನ ಮಾಡಿದವಳು ಮುಂದಿನ ಗಳಿಕೆಯ ಒಂದು ಪಾಲನ್ನೂ ತನಗರಿವಿಲ್ಲದೆ ಜೊತೆಗೆ ಕೊಟ್ಟಿರುತ್ತಾಳೆ.

ಇದು ಅಮೆರಿಕದ ರೋಗವೇ ಎಂದು ಕೇಳಬೇಡಿ. ನಮ್ಮಲ್ಲಿ ಯಾವುದೇ ಸಹಾಯಾರ್ಥ ಕಾರ್ಯಕ್ರಮದ ಲೆಕ್ಕ ತೆಗೆದು ನೋಡಿ. ಶಾಮಿಯಾನದವನಿಗೆ ದುಡ್ಡು ಹೋಗಿರುತ್ತದೆ, ಮೈಕ್ ಸೆಟ್ಟಿನವನಿಗೆ ಹೋಗಿರುತ್ತದೆ, ಅಡುಗೆಯವರಿಗೆ ಮುಂಗಡವೇ ಹೋಗಿರುತ್ತದೆ. ಹಾಡಿದವಳಿಗೆ, ಚಿತ್ರ ಬರೆದುಕೊಟ್ಟವನಿಗೆ, ಕಸೂತಿ ಹಾಕಿಕೊಟ್ಟವಳಿಗೆ ಮಾತ್ರ ಒಂದು ಶಾಲು, ಹಣ್ಣಿನ ಬುಟ್ಟಿ, "ಒಳ್ಳೇ ಕೆಲಸಕ್ಕಲ್ವಾ" ಎಂಬ ಮಾತು. ಕುರ್ಚಿ ಬಾಡಿಗೆ ಕೊಟ್ಟವನ ಹತ್ತಿರ ಹೋಗಿ ಒಳ್ಳೇ ಕೆಲಸಕ್ಕಲ್ವಾ ಎನ್ನುವ ಧೈರ್ಯ ಯಾರಿಗೂ ಇಲ್ಲ. ಕುರ್ಚಿಗೆ ದಿನಕ್ಕೆ ಇಷ್ಟು ಎಂಬ ದರ ಎಲ್ಲರಿಗೂ ಗೊತ್ತು. ಸೂಜಿಯ ಕೆಲಸಕ್ಕೆ ದರವಿದೆ ಎಂದು ನಾವು ಇನ್ನೂ ಒಪ್ಪಿಲ್ಲ. ಅದು ಮನೆಯಲ್ಲಿ ಬಿಡುವಿನಲ್ಲಿ ಆಗುವಂಥದ್ದು, ಹೆಂಗಸರು ಟಿವಿ ನೋಡುತ್ತ ಮಾಡಿಬಿಡುವಂಥದ್ದು.

ಅಮೆರಿಕದ ತೆರಿಗೆ ಕಾನೂನು ಈ ಭಾವನೆಯನ್ನೇ ಅಕ್ಷರಕ್ಕಿಳಿಸಿದೆ. ಅಲ್ಲಿ 1969ರ ತೆರಿಗೆ ಸುಧಾರಣೆಯ ನಂತರ, ಕಲಾವಿದರು ತಮ್ಮದೇ ಕೃತಿಯನ್ನು ದತ್ತಿ ಸಂಸ್ಥೆಗೆ ಕೊಟ್ಟರೆ ವರಮಾನದಿಂದ ಕಳೆಯಬಹುದಾದ್ದು ಸಾಮಗ್ರಿಯ ಖರ್ಚನ್ನು ಮಾತ್ರ. ಬಟ್ಟೆ, ದಾರ, ಬಣ್ಣ. ಕೈಗೆ ಸೊನ್ನೆ. ಅದೇ ಕೃತಿಯನ್ನು ಹತ್ತು ವರ್ಷದ ಹಿಂದೆ ಅಗ್ಗಕ್ಕೆ ಕೊಂಡಿಟ್ಟುಕೊಂಡ ಸಂಗ್ರಾಹಕ ಈಗ ಅದನ್ನು ಮ್ಯೂಸಿಯಮ್ಮಿಗೆ ದಾನ ಕೊಟ್ಟರೆ ಇವತ್ತಿನ ಮಾರುಕಟ್ಟೆ ಬೆಲೆಯಷ್ಟನ್ನೂ ವರಮಾನದಿಂದ ಕಳೆಯಬಹುದು. ಈ ನಿಯಮ ಬಂದದ್ದು ಬಡ ಕಲಾವಿದರ ಮೇಲಿನ ಸಿಟ್ಟಿನಿಂದಲ್ಲ. ರಾಜಕಾರಣಿಗಳು ತಮ್ಮ ಹಳೆಯ ಕಡತ-ಪತ್ರಗಳಿಗೆ ದೊಡ್ಡ ಬೆಲೆ ಕಟ್ಟಿಸಿ, ದಾನ ಕೊಟ್ಟು, ತೆರಿಗೆ ಉಳಿಸಿಕೊಳ್ಳುತ್ತಿದ್ದರು. ಅವರಿಗೆಂದು ಬೀಸಿದ ಬಲೆಗೆ ಕಲಾವಿದರೂ ಬಿದ್ದರು. (ರಾಜಕಾರಣಿ ಹೇಗೋ ನುಸುಳಲು ನೋಡಿದ: ಅಧ್ಯಕ್ಷ ನಿಕ್ಸನ್ ಅವರ ದಾನಪತ್ರಕ್ಕೆ ಹಿಂದಿನ ತಾರೀಖು ಹಾಕಿದ ಹಗರಣ ಆಮೇಲೆ ಹೊರಬಿತ್ತು.) ಅಲ್ಲಿಯವರೆಗೆ ತನ್ನ ಹಸ್ತಪ್ರತಿಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುತ್ತಿದ್ದ ಸಂಗೀತಗಾರ ಸ್ಟ್ರಾವಿನ್‌ಸ್ಕಿ ಕೊಡುವುದನ್ನು ನಿಲ್ಲಿಸಿದ, ಅವನ ದೊಡ್ಡ ಸಂಗ್ರಹ ಕೊನೆಗೆ ಸ್ವಿಟ್ಜರ್‌ಲೆಂಡಿನ ಪಾಲಾಯಿತು. ಸೆನೆಟರ್ ಪ್ಯಾಟ್ರಿಕ್ ಲೀಹಿ ಈ ನಿಯಮ ತಿದ್ದಲು ಮತ್ತೆ ಮತ್ತೆ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಕಾನೂನಿನ ಪರವಾಗಿಯೂ ಹೇಳಬೇಕಾದ ಮಾತಿದೆ, ಅದು ಹಗುರವಾದದ್ದಲ್ಲ. ಬಡರೋಗಿಗೆ ಪುಕ್ಕಟೆ ಔಷಧೋಪಚಾರ ಮಾಡಿದ ವೈದ್ಯನೂ ತನ್ನ ಫೀಸನ್ನು ವರಮಾನದಿಂದ ಕಳೆಯುವಂತಿಲ್ಲ. ಬಾರದ ವರಮಾನದ ಮೇಲೆ ತೆರಿಗೆಯೂ ಇಲ್ಲ, ರಿಯಾಯಿತಿಯೂ ಇಲ್ಲ. ಶ್ರಮದಾನ ಯಾರದಾದರೂ ಶ್ರಮದಾನವೇ. ತರ್ಕ ಸರಿಯಾಗಿದೆ. ಆದರೆ ನನ್ನ ತಂಗಿಯ ಮಗಳ ಕೈಗೆ ಬಂದ ಪೋಸ್ಟ್‌ಕಾರ್ಡಿನ ವಿಷಯಕ್ಕೆ ಬಂದಾಗ ಅದೇ ಕಾನೂನು ಇನ್ನೊಂದು ರಾಗ ತೆಗೆಯುತ್ತದೆ. ದಾನಕ್ಕೆ ಪ್ರತಿಯಾಗಿ ವಸ್ತುವೊಂದು ಬಂದಿದ್ದರೆ, ಅದರ ಮಾರುಕಟ್ಟೆ ಬೆಲೆಯನ್ನು ಮುರಿದುಕೊಂಡು ಉಳಿದದ್ದನ್ನು ಮಾತ್ರ ದಾನವೆಂದು ತೋರಿಸಬೇಕು. ಅಂದರೆ, ಹೊಲಿದವಳ ಕೈಯಲ್ಲಿದ್ದಾಗ ಆ ವಸ್ತು ನಾಲ್ಕಾರು ಡಾಲರಿನ ಬಟ್ಟೆ-ದಾರ. ಪಡೆದವಳ ಕೈ ಸೇರಿದ ಕೂಡಲೇ ಅದಕ್ಕೊಂದು ಮಾರುಕಟ್ಟೆ ಬೆಲೆ ಬಂದುಬಿಟ್ಟಿತು. ಮಧ್ಯದಲ್ಲಿ ಆದದ್ದು ಅಂಚೆಯ ಪಯಣ ಒಂದೇ. ಆ ವ್ಯತ್ಯಾಸದ ಹಣ ಎಲ್ಲಿಂದ ಹುಟ್ಟಿತು? ಜೀರಿಗೆ ಕಾಳಿನಷ್ಟು ಹೊಲಿಗೆಗಳಿಂದ ಹುಟ್ಟಿತು ಎಂದು ಸರ್ಕಾರಕ್ಕೂ ಗೊತ್ತಿದೆ, ಆದರೆ ಅದು ಗೊತ್ತಾಗುವುದು ಹೊಲಿದವಳನ್ನು ಬಿಟ್ಟು ಬೇರೆ ಯಾರ ಲೆಕ್ಕದಲ್ಲಾದರೂ.

ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಈ ಗೊಂದಲವೇ ಇಲ್ಲ. ವಸ್ತುರೂಪದ ದಾನಕ್ಕೆ ಅಲ್ಲಿ ರಿಯಾಯಿತಿಯೇ ಇಲ್ಲ, ನಗದಾದರೂ 2,000 ರೂಪಾಯಿ ದಾಟಬಾರದು. ಕಸೂತಿಯ ಸೀರೆ ಕೊಟ್ಟರೂ ಅಷ್ಟೆ, ಕಾರು ಕೊಟ್ಟರೂ ಅಷ್ಟೆ. ಒಂದು ರೀತಿಯಲ್ಲಿ ಇದು ಹೆಚ್ಚು ಸಮಾನವಾದ ಅಲಕ್ಷ್ಯ.

ಇಷ್ಟೆಲ್ಲ ಲೆಕ್ಕ ಯಾಕೆ, ದಾನಕ್ಕೆ ಯಾರಾದರೂ ಗಂಟೆ ಎಣಿಸುತ್ತಾರೆಯೇ ಎನ್ನುವವರಿದ್ದಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಾವೆಲ್ಲ ಕೇಳಿ ಬೆಳೆದವರು. ಆ ಮಾತಿಗೆ ನನ್ನ ತಕರಾರಿಲ್ಲ. ಹೇಳಿಕೊಳ್ಳದೆ ಇರುವುದು ಕೊಟ್ಟವಳ ದೊಡ್ಡತನ. ಎಣಿಸದೆ ಇರುವುದು ಪಡೆದವರ ದೊಡ್ಡತನವಲ್ಲ, ಅದಕ್ಕೆ ಬೇರೆ ಹೆಸರಿದೆ. ಮತ್ತೆ, ಎಣಿಸದೆ ಬಿಟ್ಟರೆ ಕೇಳುವವರಿಗೂ ಮಿತಿ ತಿಳಿಯುವುದಿಲ್ಲ. ಈ ವರ್ಷ ಕ್ಯಾನ್ಸರ್, ಮುಂದಿನ ತಿಂಗಳು ಶಾಲೆಯ ಕಟ್ಟಡ, ಆಮೇಲೆ ಪ್ರವಾಹ. ಒಳ್ಳೆಯ ಕೆಲಸಗಳಿಗೆ ಬರವಿಲ್ಲ, ಕೇಳುವ ಬಾಗಿಲು ಮಾತ್ರ ಅದೇ. ಕೊನೆಗೊಂದು ದಿನ ಅವಳು ಹೊಲಿಯುವುದನ್ನೇ ಬಿಟ್ಟು ಟ್ಯೂಷನ್ ಹೇಳಲು ಹೋಗುತ್ತಾಳೆ.

ಮಿತಿಯನ್ನು ಮೊದಲೇ ಹಾಕಿಕೊಂಡು ಗೆದ್ದ ಒಂದು ಉದಾಹರಣೆ ನನಗೆ ಗೊತ್ತು. ಅದು ಕ್ಯಾನ್ಸರಿನದಲ್ಲ, ಅಲ್ಝೈಮರ್ಸಿನದು. ಕ್ರಮ ಮಾತ್ರ ಇದೇ. ಮಿಶಿಗನ್ನಿನ ಕ್ವಿಲ್ಟ್ ಶಿಕ್ಷಕಿ ಏಮಿ ಸಿಮ್ಸ್ ಅವರ ತಾಯಿಗೆ ಅಲ್ಝೈಮರ್ಸ್ ಬಂದಿತ್ತು. 2006ರಲ್ಲಿ ಸಿಮ್ಸ್ ಆ ರೋಗದ ಸಂಶೋಧನೆಗಾಗಿ ಕ್ವಿಲ್ಟ್ ದಾನ ಕೇಳಲು ಶುರುಮಾಡಿದರು. ಅವರ ಷರತ್ತು ಒಂದೇ: 9 ಇಂಚು ಅಗಲ, 12 ಇಂಚು ಉದ್ದಕ್ಕಿಂತ ದೊಡ್ಡದು ಬೇಡ. ಕಾರಣ ಸೌಂದರ್ಯಶಾಸ್ತ್ರವಲ್ಲ, ಅಂಚೆ ಇಲಾಖೆ. ಅಮೆರಿಕದ ಪ್ರಯಾರಿಟಿ ಮೇಲ್ ಲಕೋಟೆಯಲ್ಲಿ ಮಡಚದೆ ಹೋಗಬಹುದಾದ ಅಳತೆ ಅದು. ಹೀಗೆ ಲಕೋಟೆ ಹಾಕಿಕೊಟ್ಟ ಅಳತೆಯೇ ಹೊಲಿಯುವವರ ಕೈಗೂ ರಕ್ಷಣೆಯಾಯಿತು. ಆರು ತಿಂಗಳ ಹಾಸಿಗೆ-ಕ್ವಿಲ್ಟನ್ನು ಕೊಡು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಒಂದು ವಾರಾಂತ್ಯದಲ್ಲಿ ಮುಗಿಯುವುದನ್ನು ಕೊಡಿ, ಮತ್ತೆ ಕೊಡಬೇಕೆನಿಸಿದರೆ ಮತ್ತೊಂದು ಕೊಡಿ. ಸಾವಿರಾರು ಪುಟ್ಟ ಕ್ವಿಲ್ಟುಗಳು ಬಂದವು. ಸಂಬಳದ ನೌಕರರಿಲ್ಲದೆ ನಡೆದ ಆ ಕೆಲಸ 2013ರ ಕೊನೆಗೆ ಮುಗಿಯುವ ಹೊತ್ತಿಗೆ 10 ಲಕ್ಷ ಡಾಲರ್ ದಾಟಿತ್ತು. ಮುಗಿಸಿದವರೂ ಅವರೇ. ಶುರುಮಾಡಿದ್ದನ್ನು ತಾವಾಗಿಯೇ ನಿಲ್ಲಿಸುವ ದತ್ತಿ ಕಾರ್ಯಗಳು ಎಷ್ಟಿವೆ, ನೀವೇ ಎಣಿಸಿ.

ಇದರ ಹಿಂದೆ ಒಂದು ಶತಮಾನದ ಅಭ್ಯಾಸವಿದೆ. ಮೊದಲ ಮಹಾಯುದ್ಧದ ಸಮಯದಲ್ಲಿ, 1917ರ ಡಿಸೆಂಬರಿನ ಸಂಚಿಕೆಯಲ್ಲಿ, 'ಮಾಡರ್ನ್ ಪ್ರಿಸಿಲ್ಲಾ' ಎಂಬ ಹೊಲಿಗೆ ಪತ್ರಿಕೆ ರೆಡ್ ಕ್ರಾಸಿಗೆ ಸಾವಿರ ಡಾಲರ್ ಎತ್ತಬಹುದಾದ ಒಂದು ಕ್ವಿಲ್ಟಿನ ನಕಾಸೆ ಅಚ್ಚು ಹಾಕಿತು. ಬಿಳಿ ಬಟ್ಟೆ, ಕೆಂಪು ಕ್ರಾಸುಗಳು. ಊರಿನವರು ಚಿಲ್ಲರೆ ದುಡ್ಡು ಕೊಟ್ಟು ತಮ್ಮ ಹೆಸರು ಬರೆಸಿಕೊಳ್ಳಬೇಕು, ಹೆಂಗಸರು ಕೂತು ಆ ಹೆಸರುಗಳನ್ನು ಕೆಂಪು ದಾರದಲ್ಲಿ ಹೊಲಿಯಬೇಕು, ಮುಗಿದ ಮೇಲೆ ಕ್ವಿಲ್ಟನ್ನೇ ಮಾರಬೇಕು. ಅಂಥ ಕ್ವಿಲ್ಟುಗಳು ಈಗಲೂ ಅಲ್ಲಿನ ಮ್ಯೂಸಿಯಮ್ಮುಗಳಲ್ಲಿವೆ. ಚಿಲ್ಲರೆ ಕೊಟ್ಟವರ ಹೆಸರು ನೂರು ವರ್ಷದ ನಂತರವೂ ಸ್ಪಷ್ಟವಾಗಿ ಓದಬಹುದು. ಆ ಹೆಸರುಗಳನ್ನು ಹೊಲಿದವಳು ಯಾರು ಎನ್ನುವುದು ಎಷ್ಟೋ ಕಡೆ ಗೊತ್ತಿಲ್ಲ.

ನನ್ನ ವಾದಕ್ಕೆ ಹೆಚ್ಚು ಬಲ ಕೊಡುವ ಕಥೆ ಇನ್ನೂ ಚಿಕ್ಕ ಬಟ್ಟೆಯದು. ಇವತ್ತು ಸ್ತನ ಕ್ಯಾನ್ಸರ್ ಎಂದರೆ ಗುಲಾಬಿ ರಿಬ್ಬನ್ ನೆನಪಾಗುತ್ತದಲ್ಲ, ಅದು ಮೊದಲು ಗುಲಾಬಿಯಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಶಾರ್ಲೆಟ್ ಹೇಲಿ ಎಂಬ 68 ವರ್ಷದ ಹೆಂಗಸು ತಮ್ಮ ಊಟದ ಮನೆಯಲ್ಲಿ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ನುಗಳನ್ನು ಮಡಚುತ್ತಿದ್ದರು. ಅವರ ಅಜ್ಜಿಗೆ, ಅಕ್ಕತಂಗಿಗೆ, ಮಗಳಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಐದೈದು ರಿಬ್ಬನ್ನುಗಳ ಜೊತೆ ಒಂದು ಚೀಟಿ. ಅದರಲ್ಲಿ ಕಣ್ಣೀರಿನ ಮಾತಿರಲಿಲ್ಲ, ಬಜೆಟ್ಟಿನ ಲೆಕ್ಕವಿತ್ತು: ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಅನುದಾನ 180 ಕೋಟಿ ಡಾಲರ್, ಅದರಲ್ಲಿ ರೋಗ ಬರದಂತೆ ತಡೆಯುವ ಕೆಲಸಕ್ಕೆ ಶೇಕಡಾ 5 ಮಾತ್ರ, ಈ ರಿಬ್ಬನ್ ಧರಿಸಿ ನಮ್ಮ ಶಾಸಕರನ್ನು ಎಚ್ಚರಿಸಿ ಎಂಬ ಅರ್ಥದ ಕೋರಿಕೆ. ಅಂಗಡಿ-ಮುಂಗಟ್ಟುಗಳಲ್ಲಿ, ಪರಿಚಯದವರ ಕೈಯಲ್ಲಿ ಸಾವಿರಾರು ಹಂಚಿದರು.

1992ರಲ್ಲಿ 'ಸೆಲ್ಫ್' ಪತ್ರಿಕೆ ಮತ್ತು ಎಸ್ಟೀ ಲಾಡರ್ ಪ್ರಸಾಧನ ಕಂಪನಿ ಈ ರಿಬ್ಬನ್ ತಮಗೆ ಬೇಕೆಂದವು. ಹೇಲಿ ಒಪ್ಪಲಿಲ್ಲ. ನೀವು ಇದನ್ನು ವ್ಯಾಪಾರ ಮಾಡುತ್ತೀರಿ ಎಂಬುದು ಅವರ ಆಕ್ಷೇಪ. ಆಗ ವಕೀಲರ ಸಲಹೆ ಕೇಳಿ ಪತ್ರಿಕೆಯವರು ಬಣ್ಣ ಬದಲಿಸಿದರು. ಪೀಚ್ ಹೋಗಿ ಗುಲಾಬಿ ಬಂತು. ರಿಬ್ಬನ್ ಉಳಿಯಿತು, ಚೀಟಿ ಬಿದ್ದುಹೋಯಿತು. ಕೇಳುವ ಬಾಯಿ ಮುಚ್ಚಿ, ಮುದ್ದಾದ ಮುಖ ಮಾತ್ರ ಇಟ್ಟುಕೊಂಡ ಹಾಗೆ. ಅಲ್ಲಿಂದ ಮುಂದೆ ಆ ಗುಲಾಬಿ ಬಣ್ಣ ಲಿಪ್‌ಸ್ಟಿಕ್ಕಿನಿಂದ ಮೊಸರಿನ ಡಬ್ಬಿಯವರೆಗೆ ಏನೆಲ್ಲದರ ಮೇಲೆ ಏರಿತು ಎನ್ನುವುದು ಎಲ್ಲರೂ ಬಲ್ಲ ಸಂಗತಿ. ಗುಲಾಬಿಯಿಂದ ಬಂದ ಹಣ ಬಹಳ, ಅದರಿಂದ ಪ್ರಯೋಗಾಲಯಗಳು ನಡೆದಿವೆ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತನ. ಆದರೆ ಹೇಲಿ ಕೇಳಿದ್ದು ಹಣವನ್ನೇ ಅಲ್ಲ. ಸರ್ಕಾರ ತನ್ನ ಹಣವನ್ನು ಎಲ್ಲಿಗೆ ಹಾಕುತ್ತಿದೆ ಎಂದು ಕೇಳಿದರು. ಆ ಪ್ರಶ್ನೆಗೆ ಗುಲಾಬಿ ರಿಬ್ಬನ್ನಿನಲ್ಲಿ ಜಾಗ ಸಿಗಲಿಲ್ಲ.

ಆದ್ದರಿಂದಲೇ ಸ್ಪೀಗೆಲ್, ಸಿಮ್ಸ್ ಅವರ ಕ್ರಮಗಳು ಬರಿಯ ವ್ಯವಸ್ಥೆಯ ಅಚ್ಚುಕಟ್ಟುತನಕ್ಕಿಂತ ಹೆಚ್ಚು ಎಂದು ನನಗನ್ನಿಸುತ್ತದೆ. ಅಲ್ಲಿ ನಿಯಮ ಮಾಡಿದವರು ಹೊಲಿಯುವವರೇ. ಅಳತೆ ಎಷ್ಟು, ಹಣ ಎಲ್ಲಿಗೆ, ಯಾವಾಗ ನಿಲ್ಲಿಸಬೇಕು ಎನ್ನುವುದು ಸೂಜಿ ಹಿಡಿದವರ ಕೈಯಲ್ಲೇ ಇತ್ತು. ಕೃತಿ ದಾನವಾಗಿ ಹೋದರೂ ದಾನದ ಯಜಮಾನಿಕೆ ಹೋಗಲಿಲ್ಲ.

ಈಗ ಕಷ್ಟದ ಪ್ರಶ್ನೆ. ಈ ಹಣದಿಂದ ಏನಾಗುತ್ತದೆ? ಹೇಲಿಯವರ ಕಾಲದ 180 ಕೋಟಿ ಈಗ ಬೆಳೆದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಅನುದಾನ ಸುಮಾರು 700 ಕೋಟಿ ಡಾಲರ್ ಆಗಿದೆ. ಆ ಲೆಕ್ಕದಲ್ಲಿ 2 ಲಕ್ಷ ಡಾಲರ್ ಎಂದರೆ ಕಾಲು ಗಂಟೆಯ ಖರ್ಚು. ವರ್ಷಗಟ್ಟಲೆ ನೂರಾರು ಹೆಂಗಸರು ಹೊಲಿದದ್ದು ಸರ್ಕಾರದ ಒಂದು ಕಾಫಿ ವಿರಾಮ. ಇದನ್ನು ಮುಚ್ಚಿಟ್ಟು ಮಾತಾಡಿದರೆ ವಾದ ನಿಲ್ಲುವುದಿಲ್ಲ. ಇನ್ನೂ ಒಂದು: ಕ್ಯಾನ್ಸರ್ ಸೊಸೈಟಿಗೆ ಹೋದ ಹಣವೆಲ್ಲ ಸಂಶೋಧನೆಗೇ ಹೋಗುವುದಿಲ್ಲ. ಚಿಕಿತ್ಸೆಗೆ ಪರವೂರಿಗೆ ಬಂದ ರೋಗಿಗಳಿಗೆ ಉಚಿತ ವಸತಿ, ಆಸ್ಪತ್ರೆಗೆ ಹೋಗಿಬರಲು ವಾಹನ, ಮಾಹಿತಿ, ಆಡಳಿತ, ಇವಕ್ಕೂ ಹೋಗುತ್ತದೆ. ಅವೂ ಬೇಕಾದವೇ. ಆದರೆ ಸಂಶೋಧನೆಗೆ ಎಂದು ಹೊಲಿದವಳಿಗೆ ಎಷ್ಟು ಪಾಲು ಸಂಶೋಧನೆಗೆ ಎಂದು ಕೇಳುವ ಹಕ್ಕಿದೆ, ಕೇಳಬೇಕು ಕೂಡ.

ಚಿಕ್ಕ ಹಣ ಎಲ್ಲಿ ಬಿದ್ದಿತು ಎನ್ನುವುದರ ಮೇಲೆ ಅದರ ತೂಕ. ಸೊಸೈಟಿ ಹೆಸರು ಮಾಡಿರುವುದು ಇನ್ನೂ ಹೆಸರಾಗದ, ಕೈಯಲ್ಲಿ ತೋರಿಸಲು ಫಲಿತಾಂಶವಿಲ್ಲದ ಕಿರಿಯ ಸಂಶೋಧಕರಿಗೆ ಮೊದಲ ಅನುದಾನ ಕೊಡುವುದರಲ್ಲಿ. ಅದರಿಂದ ನೆರವು ಪಡೆದ ಹತ್ತಾರು ಮಂದಿ ಮುಂದೆ ನೊಬೆಲ್ ಪಡೆದರು. ಸರ್ಕಾರದ ದೊಡ್ಡ ಹಣ ಸಾಮಾನ್ಯವಾಗಿ ಅರ್ಧ ದಾರಿ ನಡೆದವನಿಗೆ ಸಿಗುತ್ತದೆ. ಮೊದಲ ಹೆಜ್ಜೆಯವನಿಗೆ ಚಿಲ್ಲರೆ ದುಡ್ಡೇ ಗತಿ.

1947ರ ಕೊನೆಗೆ ಬಾಸ್ಟನ್ನಿನಲ್ಲಿ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು ನೋಡಿದಾಗ ಹಲವರು ಅದನ್ನು ಮರುಳು ಎಂದರು. ಮಕ್ಕಳಲ್ಲಿ ಕೆಲವರು ತಾತ್ಕಾಲಿಕವಾಗಿಯಾದರೂ ಎದ್ದು ಓಡಾಡಿದರು. ಮರುವರ್ಷದ ಮೇ ತಿಂಗಳಲ್ಲಿ ಒಂದು ರೇಡಿಯೊ ಕಾರ್ಯಕ್ರಮದಲ್ಲಿ 'ಜಿಮ್ಮಿ' ಎಂಬ ಮಾರುಹೆಸರಿನ ಬಾಲರೋಗಿಯ ಜೊತೆ ಬೇಸ್‌ಬಾಲ್ ಆಟಗಾರರು ಮಾತಾಡಿದರು. ಕೇಳಿದ್ದು 20,000 ಡಾಲರ್, ಬಂದದ್ದು 2,31,000ಕ್ಕೂ ಮೇಲೆ. ಫಾರ್ಬರ್ ಅವರ ಸಂಸ್ಥೆ ನಿಂತದ್ದು ಆ ಪುಡಿಗಾಸಿನ ಮೇಲೆ. ಆ ಅಮಿನಾಪ್ಟೆರಿನ್ ತಯಾರಾಗಿ ಬಂದದ್ದು ಲೆಡರ್ಲಿ ಪ್ರಯೋಗಾಲಯದಿಂದ, ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಸುಬ್ಬರಾವ್ ಅದೇ 1948ರ ಆಗಸ್ಟಿನಲ್ಲಿ ತೀರಿಕೊಂಡರು. ಜಿಮ್ಮಿಯ ಹೆಸರಿನ ನಿಧಿ ಇಂದಿಗೂ ಇದೆ. ಸುಬ್ಬರಾವ್ ಹೆಸರು ಎಷ್ಟು ಜನರಿಗೆ ಗೊತ್ತು?

ಮಾಡಿದವರ ಹೆಸರಿಗೇ ಏನೂ ಉಳಿಯದ ಕಥೆ ಇನ್ನೊಂದಿದೆ. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಅದಕ್ಕೆ ಪೇಟೆಂಟ್ ತೆಗೆಯಲಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಅದರ ಬೇಡಿಕೆ ಏರಿ ಬೆಲೆ ಗಗನ ಮುಟ್ಟಿದಾಗ, ಅವರ ಸಂಶೋಧನೆಗೆ ಇನ್ನೊಂದು ಗ್ರಾಂ ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ಪತ್ರಕರ್ತೆ ಮೇರಿ ಮೆಲೋನಿ ಅಮೆರಿಕದ ಹೆಂಗಸರಿಂದ ಲಕ್ಷ ಡಾಲರ್ ಕೂಡಿಸಿದರು. 1921ರ ಮೇ 20ರಂದು ಶ್ವೇತಭವನದಲ್ಲಿ ಅಧ್ಯಕ್ಷ ಹಾರ್ಡಿಂಗ್ ಒಂದು ಗ್ರಾಂ ರೇಡಿಯಂ ಒಪ್ಪಿಸಿದರು. ಅದರ ಹಿಂದಿನ ರಾತ್ರಿ ಕ್ಯೂರಿ ದಾನಪತ್ರ ಓದಿ, ಇದು ನನ್ನ ಹೆಸರಿಗೆ ಬೇಡ, ಪ್ರಯೋಗಾಲಯದ ಹೆಸರಿಗೆ ಆಗಲಿ, ಈಗಲೇ ತಿದ್ದಿ ಎಂದು ಹಟ ಹಿಡಿದರು. ಆಮೇಲೆ ನೋಡೋಣ ಎಂದವರಿಗೆ, ಇವತ್ತು ರಾತ್ರಿಯೇ ನಾನು ಸತ್ತರೆ ಎಂಬ ಅರ್ಥದ ಉತ್ತರ ಕೊಟ್ಟರಂತೆ. ವಕೀಲನನ್ನು ಹುಡುಕಿ ತಂದು ತಿದ್ದಿಸಬೇಕಾಯಿತು. ಕಾಗದದಲ್ಲಿ ಯಾರ ಹೆಸರಿದೆ ಎನ್ನುವುದು ಕ್ಷುಲ್ಲಕ ಎಂದು ದಾನಿಗಳಿಗೆ ಅನ್ನಿಸಬಹುದು. ಮಾಡುವವರಿಗೆ ಹಾಗನ್ನಿಸುವುದಿಲ್ಲ.

ಹಾಗಾದರೆ ಹೊಲಿಯುವವಳು ಹೊಲಿಯುವುದು ಬಿಟ್ಟು ಹತ್ತು ಡಾಲರ್ ನಗದನ್ನೇ ಕೊಟ್ಟರೆ ಸಾಲದೆ? ಸಾಲದು. ಅವಳ ಬಳಿ ಹತ್ತು ಡಾಲರಿನ ಬಟ್ಟೆಯಿದೆ, ನೂರು ಡಾಲರ್ ನಗದಿಲ್ಲ. ಇನ್ನೊಬ್ಬಳ ಬಳಿ ನಗದಿದೆ, ಕೈಯಲ್ಲಿ ಕಲೆಯಿಲ್ಲ. ಇಬ್ಬರ ನಡುವೆ ಆ ಪೋಸ್ಟ್‌ಕಾರ್ಡ್ ಓಡಾಡಿದಾಗ ಹತ್ತು ನೂರಾಗುತ್ತದೆ. ಅದಲ್ಲದೆ ಕೈಹೊಲಿಗೆಯಲ್ಲಿ ಬೇಕಿಲ್ಲದ್ದನ್ನು ಸೇರಿಸುವ ಒಂದು ಗುಣವಿದೆ. ನಮ್ಮ ಉತ್ತರ ಕನ್ನಡದ ಸಿದ್ಧಿ ಹೆಂಗಸರು ಹಳೆ ಸೀರೆಗಳಿಂದ ಕವಂದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಚೂರು ಕೂರಿಸುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ, ಹೂವು. ಚಳಿಗೆ ಅದರಿಂದ ಏನೂ ಉಪಯೋಗವಿಲ್ಲ, ಅದಿಲ್ಲದೆ ಕವಂದಿ ಪೂರ್ತಿಯಾಯಿತು ಎಂದು ಅವರು ಒಪ್ಪುವುದಿಲ್ಲ. ನಗದಿಗೆ ಫುಲಾ ಕೂರಿಸಲು ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಥ ನಿಧಿಸಂಗ್ರಹದ ಕೊನೆಯಲ್ಲಿ ಲೆಕ್ಕ ಹೇಳುವಾಗ, ಬಂದ ಹಣ ಇಷ್ಟು ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಇರಲಿ: ಇಷ್ಟು ಜನ, ಇಷ್ಟು ದಿನದ ಕೆಲಸ. ತೆರಿಗೆ ಇಲಾಖೆ ಅದನ್ನು ಒಪ್ಪದಿದ್ದರೆ ಬಿಡಲಿ.

ಹೋದ ತಿಂಗಳು ಧಾರವಾಡದ ನಮ್ಮ ಮನೆಗೆ ಕೌದಿ ಹೊಲಿಯುವ ಹೆಂಗಸು ಬಂದಿದ್ದಳು. ಪ್ರತಿ ವರ್ಷ ಬರುತ್ತಾಳೆ, ಹಳೆ ಸೀರೆ, ಪಂಚೆಗಳನ್ನು ಕೊಟ್ಟರೆ ಪಡಸಾಲೆಯಲ್ಲೇ ಕೂತು ಹೊಲಿದುಕೊಡುತ್ತಾಳೆ. ಕೂಲಿಯ ಮಾತು ಮೊದಲೇ ಆಗಬೇಕು: ಉದ್ದಗಲ ಎಷ್ಟು, ಪದರ ಎಷ್ಟು, ಹೊಲಿಗೆ ಒತ್ತಾಗಿ ಬೇಕೋ ಬಿಡಿಯಾಗಿ ಬೇಕೋ. ಚಹಾ ಕುಡಿಯುವಾಗ ಅವಳ ಕೈಗೆ ಆ ಪೋಸ್ಟ್‌ಕಾರ್ಡ್ ಕೊಟ್ಟೆ. ಮುಂದುಗಡೆ ನೋಡಲೇ ಇಲ್ಲ. ಮೊದಲು ತಿರುವಿ ಬೆನ್ನು ನೋಡಿದಳು, ಆಮೇಲೆ ಉಗುರಿನಿಂದ ಅಂಚು ಎಬ್ಬಿಸಿ ನೋಡಿದಳು.

"ಇದನ್ನ ಹೊಚ್ಚಿಕೊಳ್ಳಾವ್ರು ಯಾರ ಅಕ್ಕಾರ, ಇಲಿ ಏನು?"

ನಕ್ಕು, ಇದರ ಕಥೆ ಹೇಳಿದೆ. ನೂರು ಡಾಲರ್ ಎಂದರೆ ಎಂಟು ಸಾವಿರಕ್ಕಿಂತ ಹೆಚ್ಚು ಎಂದೆ.

"ಹೊಲದಾಕಿಗೆ ಎಷ್ಟು ಕೊಟ್ರು?"

"ಏನೂ ಇಲ್ಲ. ಆಕಿ ದಾನ ಕೊಟ್ಟಾಳ."

ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಸಾಲುಗಳ ಮೇಲೆ ಹೆಬ್ಬೆರಳು ಓಡಿಸಿದಳು, ದಾರ ಬದಲಾದ ಮೂಲೆಯಲ್ಲಿ ನಿಲ್ಲಿಸಿದಳು. "ಅಂಚಿಗಽ ಒಂದು ಹೊತ್ತು ಹೋಗೇತಿ. ನಡುವಿಂದು ಒಂದು ದಿನಾ. ಇಲ್ಲೆ ದಾರ ತೀರೇತಿ ನೋಡ್ರಿ, ಎದ್ದು ಹೋಗಿ ತಂದಾಳ." ಚಹಾದ ಲೋಟ ಬದಿಗಿಟ್ಟು ಸೂಜಿಗೆ ದಾರ ಪೋಣಿಸತೊಡಗಿದಳು.